ದೊಡ್ಡ ಮೀನು, ಉದ್ದ ಹಗ್ಗ

ಇಟಲಿಯ ಕಾಲ್ಬೆರಳಿಗೂ ಸಿಸಿಲಿ ದ್ವೀಪಕ್ಕೂ ನಡುವೆ ಮೆಸ್ಸಿನಾ ಜಲಸಂಧಿ ಇದೆ. ತೀರ ಕಿರಿದಾದ ಕಡೆ ಅದರ ಅಗಲ ಮೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ಅಲ್ಲಿ ನಡೆಯುತ್ತಿದ್ದ ಕತ್ತಿಮೀನಿನ ಬೇಟೆಯನ್ನು ಕ್ರಿ.ಪೂ. 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ವರ್ಣಿಸಿದ್ದಾನೆ. ಆ ವರ್ಣನೆ ನಮಗೆ ಸಿಕ್ಕಿರುವುದು ಸ್ಟ್ರೇಬೋ ಬರೆದ ಭೂಗೋಳ ಗ್ರಂಥದಲ್ಲಿ. ಹೋಮರನ ಕಾವ್ಯದ ಸಿಲ್ಲಾ ರಾಕ್ಷಸಿ ಬಂಡೆಯ ಗುಹೆಯಲ್ಲಿ ಕೂತು ಸಮುದ್ರದ ಪ್ರಾಣಿಗಳನ್ನು ಹಿಡಿಯುತ್ತಾಳಲ್ಲ, ಅದು ಬರೀ ಕಟ್ಟುಕತೆಯಲ್ಲ, ಆ ಊರಿನ ಕಸುಬಿನ ನೆರಳು ಅದರಲ್ಲಿದೆ ಎಂದು ತೋರಿಸುವುದು ಪಾಲಿಬಿಯಸ್‌ನ ಉದ್ದೇಶವಾಗಿತ್ತು. ಕಾವ್ಯದ ಚರ್ಚೆ ಹಾಗಿರಲಿ. ಮಾತಿನ ಭರದಲ್ಲಿ ಅವನು ಒಂದು ಸಲಕರಣೆಯ ವಿವರವನ್ನು ನಮಗಾಗಿ ಬಿಟ್ಟುಹೋಗಿದ್ದಾನೆ. ಇವತ್ತು ನಡುಸಮುದ್ರಕ್ಕೆ ಈಟಿ ಹಿಡಿದು ಇಳಿಯುವವನು ಅದನ್ನು ಓದಿದರೆ ತನ್ನ ಸಾಮಾನಿನ ಪಟ್ಟಿಯನ್ನೇ ಓದಿದಂತಾಗುತ್ತದೆ.

ಬೇಟೆ ನಡೆಯುತ್ತಿದ್ದದ್ದು ಹೀಗೆ. ಎಲ್ಲ ದೋಣಿಗಳಿಗೂ ಸೇರಿ ಒಬ್ಬನೇ ಕಾವಲುಗಾರ. ದೋಣಿಗೆ ಇಬ್ಬರು, ಒಬ್ಬ ಹುಟ್ಟು ಹಾಕುವವನು, ಇನ್ನೊಬ್ಬ ಮುಂಭಾಗದಲ್ಲಿ ಭರ್ಚಿ ಹಿಡಿದು ನಿಂತವನು. ಮೀನು ಕಂಡಿತೆಂದು ಕಾವಲುಗಾರ ಸನ್ನೆ ಮಾಡಿದ ಕೂಡಲೇ ದೋಣಿ ಹತ್ತಿರ ಸರಿಯುತ್ತದೆ, ಭರ್ಚಿ ಇಳಿಯುತ್ತದೆ. ಆಮೇಲೆ ಅವನು ಕೋಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ತುದಿ ಮಾತ್ರ ಮೀನಿನ ಮೈಯಲ್ಲಿ ಉಳಿಯುತ್ತದೆ. ಆ ತುದಿಗೆ ಮುಳ್ಳು ಇದೆ, ಬೇಕೆಂದೇ ಅದನ್ನು ಕೋಲಿಗೆ ಸಡಿಲವಾಗಿ ಸಿಕ್ಕಿಸಿದ್ದಾರೆ, ಅದಕ್ಕೊಂದು ಉದ್ದನೆಯ ಹಗ್ಗ ಕಟ್ಟಿದ್ದಾರೆ. ಮೀನು ಒದ್ದಾಡಿ ಸುಸ್ತಾಗುವವರೆಗೆ ಹಗ್ಗವನ್ನು ಬಿಡುತ್ತಲೇ ಹೋಗುತ್ತಾರೆ. ಕೋಲು ಕೈತಪ್ಪಿ ನೀರಿಗೆ ಬಿದ್ದರೂ ಕಳೆದುಹೋಗುವುದಿಲ್ಲ. ಅದರ ಒಂದು ಭಾಗ ಓಕ್ ಮರದ್ದು, ಇನ್ನೊಂದು ಭಾಗ ಪೈನ್ ಮರದ್ದು. ಭಾರದ ಓಕ್ ಕೆಳಗೆ ಜಗ್ಗುತ್ತದೆ, ಹಗುರವಾದ ಪೈನ್ ಮೇಲೆ ನಿಲ್ಲುತ್ತದೆ, ಕೋಲು ನೀರಿನಲ್ಲಿ ನೆಟ್ಟಗೆ ನಿಂತು ಒಡೆಯನಿಗಾಗಿ ಕಾಯುತ್ತದೆ. ಕತ್ತಿಮೀನಿನ ಮೂತಿ ದೋಣಿಯ ಹಲಗೆಯನ್ನೇ ತೂರಿ ಹುಟ್ಟು ಹಾಕುವವನನ್ನು ಗಾಯಗೊಳಿಸುವುದೂ ಉಂಟು ಎಂದು ಪಾಲಿಬಿಯಸ್ ಸೇರಿಸುತ್ತಾನೆ.

ಬಿಡಿಯಾದ ತುದಿ, ಉದ್ದ ಹಗ್ಗ, ತೇಲುವ ಕೋಲು. ದೊಡ್ಡ ಮೀನಿನ ಈಟಿ ಬೇಟೆಗೆ ಬೇಕಾದ ಮೂರು ಮುಖ್ಯ ಸಂಗತಿಗಳೂ ಅಲ್ಲಿ ಇವೆ. ಹಾಗಿದ್ದೂ 20ನೆಯ ಶತಮಾನದಲ್ಲಿ ನೀರಿನೊಳಗೆ ಇಳಿದ ಬೇಟೆಗಾರರು ಇವನ್ನೆಲ್ಲ ಒಂದೊಂದಾಗಿ, ಪೆಟ್ಟು ತಿಂದು, ಹೊಸದಾಗಿ ಕಲಿಯಬೇಕಾಯಿತು. ಈಟಿ ಚಿಮ್ಮಿಸುವ ಬಂದೂಕು ಕೈಗೆ ಬಂದ ಮೇಲೆ ಹಗ್ಗವನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಹಗ್ಗದ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಉತ್ತರ ಧ್ರುವದ ಅಂಚಿನ ಇನೂಯಿಟ್ ಜನ. ಅವರ ಭರ್ಚಿಯ ತುದಿ ಸೀಲ್ ಅಥವಾ ತಿಮಿಂಗಿಲದ ಚರ್ಮದೊಳಗೆ ಹೋದ ಮೇಲೆ ಹಗ್ಗ ಜಗ್ಗಿದರೆ ಅಡ್ಡಕ್ಕೆ ತಿರುಗಿ ನಿಲ್ಲುತ್ತಿತ್ತು. ಅಂಗಿಯ ಗುಂಡಿ ಕಾಜದಲ್ಲಿ ಓರೆಯಾಗಿ ತೂರಿ, ಆಚೆ ಹೋಗಿ ಅಗಲವಾಗಿ ಕೂರುವ ಹಾಗೆ. ಹಗ್ಗದ ಇನ್ನೊಂದು ಕೊನೆಗೆ ಗಾಳಿ ತುಂಬಿದ ಸೀಲ್ ಚರ್ಮದ ಚೀಲ. ಪ್ರಾಣಿ ಮುಳುಗಿದಷ್ಟೂ ಆ ಚೀಲ ಮೇಲಕ್ಕೆ ಎಳೆಯುತ್ತದೆ. ಬೇಟೆಗಾರ ತನ್ನ ತೋಳಿನ ಬಲವನ್ನು ಖರ್ಚು ಮಾಡುವುದೇ ಇಲ್ಲ, ಕಯಾಕಿನಲ್ಲಿ ಕೂತು ಚೀಲ ಎಲ್ಲಿ ಏಳುತ್ತದೆಂದು ನೋಡುತ್ತಾನೆ.

ಅಮೆರಿಕದ ತಿಮಿಂಗಿಲ ಬೇಟೆಗಾರರ ಹಡಗುಗಳಿಗೆ ಈ ತಿರುಗುವ ತುದಿಯನ್ನು ಹೊಂದಿಸಿದವನು ಮಸಾಚುಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಬಂದರಿನ ಕಮ್ಮಾರ ಲೂಯಿಸ್ ಟೆಂಪಲ್. ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಹುಟ್ಟಿದ ಕರಿಯ ಮನುಷ್ಯ. ಅಲ್ಲಿಯವರೆಗೆ ಹಡಗಿನವರು ಬಳಸುತ್ತಿದ್ದದ್ದು ಬಾಣದಂತೆ ಎರಡು ಕಡೆ ರೆಕ್ಕೆಯಿದ್ದ ಗಟ್ಟಿ ಕಬ್ಬಿಣ. ತಿಮಿಂಗಿಲ ಜಗ್ಗಿದಾಗ ಅದು ಮಾಂಸವನ್ನು ಸೀಳಿಕೊಂಡು ಈಚೆ ಬರುತ್ತಿತ್ತು. ಟೆಂಪಲ್ 1848ರಲ್ಲಿ ತಲೆಯನ್ನು ಒಂದು ಕೀಲಿನ ಮೇಲೆ ಕೂರಿಸಿದ. ಅದು ನೆಟ್ಟಗೆ ನಿಂತಿರಲೆಂದು ಸಣ್ಣದೊಂದು ಮರದ ಕಡ್ಡಿ ಸಿಕ್ಕಿಸಿದ. ಒಳಗೆ ನಾಟಿದ ಮೇಲೆ ಹಗ್ಗದ ಸೆಳೆತಕ್ಕೆ ಕಡ್ಡಿ ಮುರಿಯುತ್ತದೆ, ತಲೆ ಅಡ್ಡ ತಿರುಗುತ್ತದೆ. ಎರಡು ಕಾಸಿನ ಕಡ್ಡಿ ಮುರಿದರೆ ಮಾತ್ರ ಕೆಲಸ ಮಾಡುವ ಯಂತ್ರ! ಅದಕ್ಕೆ ಅವನು ಪೇಟೆಂಟ್ ಮಾಡಿಸಲಿಲ್ಲ. ಊರಿನ ಉಳಿದ ಕಮ್ಮಾರರೆಲ್ಲ ಅದನ್ನೇ ಬಡಿದು ಮಾರಿದರು, ಟೆಂಪಲ್ 1854ರಲ್ಲಿ ಸತ್ತ. ನ್ಯೂ ಬೆಡ್‌ಫರ್ಡ್‌ನ ಗ್ರಂಥಾಲಯದ ಮುಂದೆ ಈಗ ಅವನ ಪ್ರತಿಮೆ ಇದೆ.

ಆ ಬೇಟೆಯೆಲ್ಲ ದೋಣಿಯ ಮೇಲಿನಿಂದ. ನೀರಿನೊಳಗೆ ಮುಖ ಅದ್ದಿ, ಒಂದೇ ಉಸಿರಿನಲ್ಲಿ ಮೀನಿನ ಹಿಂದೆ ಹೋಗುವ ಬೇಟೆ ಹವ್ಯಾಸದ ರೂಪದಲ್ಲಿ ಹಬ್ಬಿದ್ದು ಫ್ರಾನ್ಸ್‌ನ ದಕ್ಷಿಣ ಕರಾವಳಿಯಿಂದ, 1930ರ ದಶಕದಲ್ಲಿ. ಆಂಟಿಬ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಕತೆಗಾರ ಗೈ ಗಿಲ್‌ಪ್ಯಾಟ್ರಿಕ್ ಹಳೆಯ ವಿಮಾನ ಚಾಲಕರ ಕನ್ನಡಕಕ್ಕೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ನೀರು ಸೋರದಂತೆ ಮಾಡಿಕೊಂಡು ಈಟಿ ಹಿಡಿದು ಇಳಿದ. ಆ ಅನುಭವವನ್ನೆಲ್ಲ 1938ರಲ್ಲಿ ಪುಸ್ತಕ ಮಾಡಿದ. ಕನ್ನಡಕಕ್ಕೆ ಒಂದು ತೊಡಕಿತ್ತು. ಆಳಕ್ಕೆ ಹೋದಂತೆ ನೀರಿನ ಒತ್ತಡ ಅದನ್ನು ಕಣ್ಣುಗುಡ್ಡೆಗೆ ಅದುಮುತ್ತದೆ, ಒಳಗೆ ಗಾಳಿ ತುಂಬಿ ಸರಿದೂಗಿಸಲು ದಾರಿಯಿಲ್ಲ. ಮೂಗನ್ನೂ ಒಳಗೊಂಡ ಮುಖವಾಡ ಬಂದ ಮೇಲೆ ಆ ತೊಂದರೆ ತಪ್ಪಿತು, ಮೂಗಿನಿಂದ ಚೂರು ಉಸಿರು ಬಿಟ್ಟರೆ ಸಾಕು. ಕಾಲಿಗೆ ಕಟ್ಟುವ ರಬ್ಬರ್ ರೆಕ್ಕೆಗೆ ಫ್ರೆಂಚ್ ನೌಕಾಪಡೆಯ ಅಧಿಕಾರಿ ಲೂಯಿ ದ ಕಾರ್ಲಿಯೂ 1933ರಲ್ಲಿ ಪೇಟೆಂಟ್ ಪಡೆದಿದ್ದ.

ನಂತರ ಬಂತು ಬಂದೂಕು. ರಷ್ಯದಿಂದ ವಲಸೆ ಬಂದು ನೀಸ್‌ನಲ್ಲಿದ್ದ ಅಲೆಕ್ಸಾಂಡರ್ ಕ್ರಮರೆಂಕೊ 1930ರ ದಶಕದ ಕೊನೆಯಲ್ಲಿ ಸ್ಪ್ರಿಂಗಿನಿಂದ ಈಟಿ ಚಿಮ್ಮಿಸುವ ಬಂದೂಕು ಮಾಡಿದ. ಸ್ಪ್ರಿಂಗ್ ಉಪ್ಪುನೀರಿಗೆ ತುಕ್ಕು ಹಿಡಿಯುವ ವಸ್ತು, ಸದ್ದು ಬೇರೆ. ಮಾರ್ಸೇ ಕಡೆಯ ಕುಶಲಕರ್ಮಿಗಳು ಅದನ್ನು ಕಿತ್ತುಹಾಕಿ ರಬ್ಬರ್ ಪಟ್ಟಿ ಕಟ್ಟಿದರು, ಅದಕ್ಕೆ ಅಡ್ಡಬಿಲ್ಲಿನ ಫ್ರೆಂಚ್ ಹೆಸರನ್ನೇ ಇಟ್ಟು ಅರ್ಬಲೆಟ್ ಎಂದರು. ಊರ ಹುಡುಗರ ಕವಣೆಯನ್ನು ಉದ್ದ ಮಾಡಿ ಕೋಲಿಗೆ ಕಟ್ಟಿದರೆ ಹೇಗೋ ಹಾಗೆ. ಇಷ್ಟು ಸರಳವಾದದ್ದು ಇವತ್ತಿಗೂ ಬದಲಾಗಿಲ್ಲ. ಮಾರ್ಸೇಯವನೇ ಆದ ಜಾರ್ಜ್ ಬ್ಯೂಷಾ 1948ರಲ್ಲಿ ಈಜುಗಾರ ಎಲ್ಲಿದ್ದಾನೆಂದು ಮೇಲಿನವರಿಗೆ ತೋರಿಸುವ ತೇಲುಬುಂಡೆಯನ್ನು ಬಳಕೆಗೆ ತಂದ. ಅವನ ಲಕ್ಷ್ಯ ಇದ್ದದ್ದು ಸುರಕ್ಷತೆಯ ಮೇಲೆ. ಆ ಬುಂಡೆಗೆ ಮೀನನ್ನೇ ಕಟ್ಟುವ ಯೋಚನೆ ಇನ್ನೂ ಬಂದಿರಲಿಲ್ಲ.

ಮೆಡಿಟರೇನಿಯನ್ನಿನ ಬೇಟೆ ಬಂಡೆಗಳ ಬೇಟೆ. ನಮ್ಮ ಕರಾವಳಿಯವರು ಮುರು ಎನ್ನುವ ಜಾತಿಗೆ ಸೇರಿದ ದಪ್ಪ ಮೀನುಗಳು ಅಲ್ಲಿ ಪೊಟರೆಗಳಲ್ಲಿ ಇರುತ್ತವೆ. ಫ್ರೆಂಚ್ ಮುಳುಗುಗಾರ ಕುಸ್ಟೋ ಅವರ ಗೆಳೆಯ ಫ್ರೆಡರಿಕ್ ದ್ಯುಮಾ ಒಮ್ಮೆ ಎರಡು ತಾಸಿನಲ್ಲಿ 220 ಪೌಂಡ್ ಮೀನು ತರುತ್ತೇನೆಂದು ಪಂಥ ಕಟ್ಟಿ, ಐದೇ ಮುಳುಗಿನಲ್ಲಿ ಐದು ದೈತ್ಯರನ್ನು ತಂದು ಗೆದ್ದ ಕತೆಯನ್ನು ಕುಸ್ಟೋ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಪ್ರತಿ ಸಲವೂ ಹೊಡೆದು, ಜಗ್ಗಾಡಿ, ಒಂದೇ ಉಸಿರಿನಲ್ಲಿ ಮೇಲೆ ಬರುವುದು. ಬಂದೂಕಿಗೂ ಈಟಿಗೂ ನಡುವೆ ಕೆಲವು ಮೊಳ ದಾರ ಇದ್ದರೆ ಅಂಥ ಮೀನಿಗೆ ಸಾಕು. ಏಕೆಂದರೆ ಅದು ಓಡುವುದಿಲ್ಲ, ಪೊಟರೆಗೆ ನುಗ್ಗಿ ಕಿವಿರು ಅಗಲಿಸಿ ಕೂರುತ್ತದೆ.

ಓಡುವ ಮೀನಿನ ಸಮಸ್ಯೆ ಎದುರಾದದ್ದು ಇನ್ನೊಂದು ದಡದಲ್ಲಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 1933ರಲ್ಲಿ ಮೂವರು ಸೇರಿ ಬಾಟಮ್ ಸ್ಕ್ರ್ಯಾಚರ್ಸ್ ಎಂಬ ಕೂಟ ಕಟ್ಟಿದರು. ತಳ ಕೆದಕುವವರು ಎಂದು ಅರ್ಥ. ಸೇರಬೇಕಾದರೆ ಪರೀಕ್ಷೆ ಕಠಿಣ. ಮೂವತ್ತು ಅಡಿ ಆಳದಿಂದ ಒಂದೇ ಮುಳುಗಿನಲ್ಲಿ ಮೂರು ಅಬಲೋನಿ, ಅಂದರೆ ಬಂಡೆಗೆ ಅಂಟಿ ಕೂರುವ ದೊಡ್ಡ ಚಿಪ್ಪಿನ ಜೀವಿಗಳನ್ನು, ತರಬೇಕು. ಮುಳ್ಳುಳ್ಳ ಸಣ್ಣ ಜಾತಿಯ ಶಾರ್ಕೊಂದನ್ನು ಬರಿಗೈಯಲ್ಲಿ ಬಾಲ ಹಿಡಿದು ಎತ್ತಬೇಕು. ಕೂಟದ ಇಡೀ ಆಯುಷ್ಯದಲ್ಲಿ ಸದಸ್ಯರಾದವರು ಸುಮಾರು ಇಪ್ಪತ್ತು ಮಂದಿ ಮಾತ್ರ. ಅವರಲ್ಲಿ ಜ್ಯಾಕ್ ಪ್ರೊಡನೊವಿಚ್ ಶಾಲೆಯೊಂದರ ಕಟ್ಟಡ ನೋಡಿಕೊಳ್ಳುವ ನೌಕರ, ವಾಲಿ ಪಾಟ್ಸ್ ವಿಮಾನ ಕಾರ್ಖಾನೆಯ ಕೆಲಸಗಾರ. ಒಬ್ಬನಿಗೆ ಕಿತ್ತು ಜೋಡಿಸುವ ಹುಚ್ಚು, ಇನ್ನೊಬ್ಬನ ಕೈಯಲ್ಲಿ ಲೋಹ ಹೇಳಿದ ಮಾತು ಕೇಳುತ್ತಿತ್ತು. ರಬ್ಬರ್ ಕೊಳವೆಯ ತುಂಡಿಗೆ ಗಾಜು ಸಿಕ್ಕಿಸಿ ಕನ್ನಡಕ ಮಾಡಿಕೊಂಡಲ್ಲಿಂದ ಶುರುವಾಗಿ, ಅಂಗಡಿಯಲ್ಲಿ ಸಿಗದ ಸಲಕರಣೆಗಳನ್ನೆಲ್ಲ ಇವರು ಮನೆಯ ಗ್ಯಾರೇಜಿನಲ್ಲೇ ತಯಾರಿಸಿದರು. 1949ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಚಿತ್ರಗಳ ಸಮೇತ ಈ ಬೇಟೆಯನ್ನು ಜಗತ್ತಿಗೆ ತೋರಿಸಿತು.

ಅವರ ಕಣ್ಣು ಇದ್ದದ್ದು ಕೆಲ್ಪ್ ಎಂಬ ಕಡಲಪಾಚಿಯ ಕಾಡಿನಲ್ಲಿ ಅಡ್ಡಾಡುವ ಕಪ್ಪು ಸೀಬಾಸ್ ಮೀನಿನ ಮೇಲೆ. ಎರಡು ಮೀಟರ್ ಉದ್ದ, ಇನ್ನೂರೈವತ್ತು ಕಿಲೋವರೆಗೆ ತೂಕ. ಕೈಈಟಿ ಅದರ ಹುರುಪೆಗೆ ತಾಗಿ ಸೊಟ್ಟಗಾಗುತ್ತಿತ್ತು. ನಾಟಿದರೂ ಮೀನು ಪಾಚಿಯ ಮರಗಳ ನಡುವೆ ಸುತ್ತು ಹಾಕಿ ದಾರವನ್ನು ಗಂಟಾಗಿಸಿ ಹರಿದುಕೊಂಡು ಹೋಗುತ್ತಿತ್ತು. ಪ್ರೊಡನೊವಿಚ್ ಹುಡುಕಿದ ಉತ್ತರ ಸಿಡಿತಲೆ. ಈಟಿಯ ತುದಿಯಲ್ಲಿ ಒಂದು ತೋಟಾ, ಮೀನಿಗೆ ತಾಗಿದ ಕೂಡಲೇ ಸಿಡಿಯುತ್ತದೆ, ಮೀನು ಅಲ್ಲೇ ಸಾಯುತ್ತದೆ. ಪಾಟ್ಸ್ ಇನ್ನೊಂದು ದಾರಿ ಹಿಡಿದ. ಬಂದೂಕಿಗೆ ದಾರ ಸುತ್ತುವ ರೀಲನ್ನು ಜೋಡಿಸಿದ ಮೊದಲಿಗರಲ್ಲಿ ಅವನೊಬ್ಬ. ಇಬ್ಬರು ಸ್ನೇಹಿತರು, ಒಂದೇ ಸಮಸ್ಯೆ. ಒಬ್ಬ ಹೊಡೆತವನ್ನು ಜೋರು ಮಾಡಿದ, ಇನ್ನೊಬ್ಬ ಹಗ್ಗವನ್ನು ಉದ್ದ ಮಾಡಿದ. ಇತಿಹಾಸ ಕೊನೆಗೆ ಪಾಟ್ಸ್‌ನ ಕಡೆ ವಾಲಿತು. ಇವತ್ತು ಈಟಿ ಬೇಟೆಯ ದಾಖಲೆಗೆ ಸಿಡಿತಲೆ ಬಳಸಿದ ಮೀನನ್ನು ಪರಿಗಣಿಸುವುದಿಲ್ಲ.

ರೀಲು ಕೂಡ ಪಾಚಿಕಾಡಿನವರೆಗೆ ಮಾತ್ರ. ದಡ ಬಿಟ್ಟು ದೂರ ಹೋಗಿ, ಕೆಳಗೆ ನೋಡಿದರೆ ತಳವೇ ಕಾಣದ ನೀಲಿ ನೀರಿಗೆ ಇಳಿದವರಿಗೆ ಎದುರಾದದ್ದು ಟ್ಯೂನ, ಮಂಗಳೂರು ಕಡೆಯವರ ಕೇದರ. ನಮ್ಮ ಮಾರುಕಟ್ಟೆಯಲ್ಲಿ ಕಾಣುವ ಅಳತೆಯದಲ್ಲ, ಆಳಿಗಿಂತ ಎರಡು ಪಟ್ಟು ತೂಗುವ ನೀಲಿರೆಕ್ಕೆಯ ಟ್ಯೂನ. ಇದರ ರಕ್ತ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ, ಹಾಗಾಗಿ ಸ್ನಾಯು ದಣಿಯದೆ ಓಡಬಲ್ಲದು. ಪೆಟ್ಟು ಬಿದ್ದರೆ ಅದು ಅಡ್ಡಕ್ಕೆ ಓಡುವುದಿಲ್ಲ, ಕೆಳಕ್ಕೆ ಧುಮುಕುತ್ತದೆ. ಉಸಿರು ಕಟ್ಟಿ ಹದಿನೈದು ಮೀಟರ್ ಆಳದಲ್ಲಿರುವ ಮನುಷ್ಯ ಆ ಕ್ಷಣದಲ್ಲಿ ಬಂದೂಕನ್ನು ಬಿಗಿಯಾಗಿ ಹಿಡಿದುಕೊಂಡರೆ ಅವನೂ ಮೀನಿನ ಜೊತೆ ಹೋಗುತ್ತಾನೆ. ಹಗ್ಗದ ಸುರುಳಿ ಕಾಲಿಗೆ ಸಿಕ್ಕಿದರಂತೂ ಮಾತೇ ಇಲ್ಲ.

ಇಲ್ಲಿ ಬೇಟೆಗಾರರು ಮೆಸ್ಸಿನಾದ ದೋಣಿಯವನು ಮಾಡುತ್ತಿದ್ದದ್ದನ್ನೇ ಮಾಡಿದರು. ಈಟಿಯನ್ನು ಬಂದೂಕಿನಿಂದ ಬಿಡಿಸಿದರು. ಟ್ರಿಗರ್ ಎಳೆದ ಮೇಲೆ ಈಟಿಯ ಹಿಂದೆ ಹೋಗುವ ದಾರ ಬಂದೂಕಿಗೆ ಕಟ್ಟಿರುವುದಿಲ್ಲ. ಅದು ಒಂದು ಕೊಕ್ಕೆಯ ಮೂಲಕ ಇಪ್ಪತ್ತು ಮೂವತ್ತು ಮೀಟರ್ ಉದ್ದದ ಇನ್ನೊಂದು ಹಗ್ಗಕ್ಕೆ ಸೇರಿರುತ್ತದೆ, ಆ ಹಗ್ಗ ನೀರಿನ ಮೇಲೆ ತೇಲುವ ಬುಂಡೆಗೆ. ಹೊಡೆದ ಮರುಕ್ಷಣ ಮನುಷ್ಯನಿಗೂ ಮೀನಿಗೂ ಸಂಬಂಧ ಕಡಿಯಿತು. ಬಂದೂಕು ಅವನ ಕೈಯಲ್ಲಿದ್ದರೆ ಇತ್ತು, ಬಿಟ್ಟರೆ ತಾನೇ ತೇಲಿ ಮೇಲೆ ಬರುತ್ತದೆ. ಈಟಿ ಹೋದ ಮೇಲೆ ಬಂದೂಕು ತೇಲಬೇಕು, ಈಟಿ ಇದ್ದಾಗ ತೇಲಲೂಬಾರದು, ಮುಳುಗಲೂಬಾರದು. ಮರದ ದಪ್ಪವನ್ನು ಕೆತ್ತಿ ಈ ತೂಕ ಹೊಂದಿಸುವುದೇ ಬಂದೂಕು ಮಾಡುವವರ ಕಸುಬುತನ. ಓಕ್ ಮತ್ತು ಪೈನ್ ಸೇರಿಸಿದ್ದ ಕೋಲಿನ ನೆನಪು ಬರುವುದು ಇಲ್ಲಿ.

ಮರ ಎಂದಾಗ ಕ್ಯಾಲಿಫೋರ್ನಿಯಾದವರ ಮೆಚ್ಚಿನ ಮರ ಯಾವುದು ಗೊತ್ತೆ? ತೇಗ. ದಾಂಡೇಲಿ ಕಡೆಯವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆಯಂಶವಿರುವ ಮರ, ನೀರಿಗೆ ಕೊಳೆಯುವುದಿಲ್ಲ, ಸುಲಭವಾಗಿ ಬಾಗುವುದಿಲ್ಲ. ಆದರೂ ಒಂದೇ ತುಂಡಿನಲ್ಲಿ ಮಾಡುವ ಧೈರ್ಯವನ್ನು ಹೆಚ್ಚಿನವರು ತೋರಿಸುವುದಿಲ್ಲ. ತೆಳು ಪಟ್ಟಿಗಳನ್ನು ಎಳೆಯ ದಿಕ್ಕು ಬದಲಿಸಿ ಅಂಟಿಸುತ್ತಾರೆ. ಒಂದೂವರೆ ಮೀಟರಿನ ಬಂದೂಕು ಕೂದಲೆಳೆಯಷ್ಟು ಬಾಗಿದರೂ ಈಟಿ ಐದಾರು ಮೀಟರ್ ಹೋಗುವಷ್ಟರಲ್ಲಿ ಗುರಿ ತಪ್ಪಿರುತ್ತದೆ. ಮರ ಭಾರವಾಗಿರುವುದೂ ಒಳ್ಳೆಯದೇ. ಮೂರು, ನಾಲ್ಕು, ಕೆಲವೊಮ್ಮೆ ಐದು ದಪ್ಪ ರಬ್ಬರ್ ಪಟ್ಟಿಗಳು ಒಟ್ಟಿಗೆ ಚಿಮ್ಮಿದಾಗ ಹಿಂದಕ್ಕೆ ಒದೆಯುವ ಒದೆತವನ್ನು ಹಗುರವಾದ ಬಂದೂಕು ತಡೆಯಲಾರದು. ಮೀನಿಗೆ ತಾಗುವ ಮುಂಚೆ ಬೇಟೆಗಾರನ ಹಲ್ಲಿಗೆ ತಾಗುತ್ತದೆ.

ಈಟಿಯ ತುದಿಯಲ್ಲಿ ಟೆಂಪಲ್‌ನ ಕಬ್ಬಿಣ ಮರುಹುಟ್ಟು ಪಡೆದಿದೆ. ಎಂಟು ಒಂಬತ್ತು ಮಿಲಿಮೀಟರ್ ದಪ್ಪದ ಉಕ್ಕಿನ ಸರಳು, ಅದರ ಮೂತಿಗೆ ಕಳಚಿಕೊಳ್ಳುವ ತುದಿ, ತುದಿಗೊಂದು ಗಿಡ್ಡ ತಂತಿ. ಮರದ ಕಡ್ಡಿಯ ಜಾಗದಲ್ಲಿ ರಬ್ಬರ್ ಉಂಗುರವೋ ದಾರದ ಬಿಗಿತವೋ ಇರುತ್ತದೆ. ತೂರಿ ಆಚೆ ಹೋದ ತುದಿ ಕಳಚಿ ಅಡ್ಡ ನಿಲ್ಲುತ್ತದೆ. ಟ್ಯೂನದ ಮಾಂಸ ಮೆದು, ಉದ್ದನೆಯ ಸರಳು ಒಳಗೇ ಉಳಿದರೆ ಮೀನು ಒದ್ದಾಡುವಾಗ ಸನ್ನೆಕೋಲಿನಂತೆ ಆಡಿ ಗಾಯವನ್ನು ಹಿರಿದು ಮಾಡುತ್ತದೆ.

ಅದೇ ಕಾರಣಕ್ಕೆ ಹಗ್ಗವೂ ಮೆತ್ತಗಿರಬೇಕು. ಗಾಳಿಪಟ ಹಾರಿಸಿದವರಿಗೆ ಗೊತ್ತು, ಗಾಳಿ ಜಗ್ಗಿದಾಗ ದಾರ ಬಿಡದಿದ್ದರೆ ಪಟವೂ ಇಲ್ಲ, ದಾರವೂ ಇಲ್ಲ. ನಡುವೆ ಹಿಗ್ಗುವ ರಬ್ಬರ್ ಹಗ್ಗ ಸೇರಿಸುವುದು ಇದಕ್ಕೆ. ಅದು ತನ್ನ ಉದ್ದದ ಎರಡು ಮೂರು ಪಟ್ಟು ಹಿಗ್ಗಿ, ಮೊದಲ ಓಟದ ರಭಸವನ್ನು ನುಂಗಿಕೊಳ್ಳುತ್ತದೆ.

ಬುಂಡೆಯ ವಿಷಯದಲ್ಲಿ ಎಡವಿದವರು ಬಹಳ. ಗಾಳಿ ತುಂಬಿದ ಮೆದು ಬುಂಡೆ ನೀರಿನ ಮೇಲೆ ಎಷ್ಟೇ ಭಾರ ಹೊತ್ತರೂ ಮೀನು ಅದನ್ನು ಹತ್ತು ಮೀಟರ್ ಕೆಳಗೆ ಎಳೆದರೆ ಒತ್ತಡ ಇಮ್ಮಡಿಯಾಗಿ ಅದರ ಗಾತ್ರ ಅರ್ಧವಾಗುತ್ತದೆ, ಮೂವತ್ತು ಮೀಟರ್‌ನಲ್ಲಿ ಕಾಲುಭಾಗ. ಮೀನಿಗೆ ಅಡ್ಡಿಯಾಗಬೇಕಾದದ್ದು ಆಳದಲ್ಲಿ, ಅಲ್ಲೇ ಅದು ಸೋಲುತ್ತದೆ. ಹಾಗಾಗಿ ದೊಡ್ಡ ಟ್ಯೂನಕ್ಕೆ ಗಟ್ಟಿ ಬುಂಡೆ ಇಲ್ಲವೇ ಒಳಗೆ ಒತ್ತಡದಿಂದ ಗಾಳಿ ತುಂಬಿದ ಬುಂಡೆ ಬೇಕು, ಅದೂ ಎರಡು ಮೂರನ್ನು ಒಂದರ ಹಿಂದೆ ಒಂದು ಕಟ್ಟಬೇಕು. ಹೊಸಬರು ಬಂದೂಕಿಗೆ ಹಣ ಸುರಿದು ಬುಂಡೆಯಲ್ಲಿ ಉಳಿಸುತ್ತಾರೆ. ಕೊಳ್ಳಬೇಕಾದ ಕ್ರಮ ಇದರ ತಿರುವುಮುರುವು. ಮೊದಲು ಬುಂಡೆ ಮತ್ತು ಹಗ್ಗ, ಆಮೇಲೆ ತುದಿ, ಕೊನೆಗೆ ಬಂದೂಕು.

ಮೆಕ್ಸಿಕೋದ ಬಾಹಾ ಕರಾವಳಿಯಿಂದ ಇನ್ನೂರೈವತ್ತು ಕಿಲೋಮೀಟರಿನಷ್ಟು ದೂರದ ಗ್ವಾಡಲೂಪ್ ದ್ವೀಪ ಈ ವಿದ್ಯೆಯ ಪಾಠಶಾಲೆಯಾಯಿತು. ನೀರು ತಿಳಿ, ಟ್ಯೂನ ಹೇರಳ. ಬಿಳಿ ಶಾರ್ಕ್ ಕೂಡ ಹೇರಳ. 1973ರಲ್ಲಿ ಅಲ್ಲಿ ಈಟಿ ಬೇಟೆಗಾರನೊಬ್ಬ ಶಾರ್ಕ್ ಕಚ್ಚಿ ಸತ್ತ. ರಕ್ತ ಸುರಿಸುವ ಮೀನನ್ನು ಮೈಗೆ ಹತ್ತಿರ ಇಟ್ಟುಕೊಳ್ಳದೆ ಬುಂಡೆಯ ಕಡೆಗೆ ದೂಡುವುದಕ್ಕೆ ಇದು ಇನ್ನೊಂದು ಕಾರಣ. 1982ರಲ್ಲಿ ಟೆರಿ ಮಾಸ್ ಎಂಬ ಕ್ಯಾಲಿಫೋರ್ನಿಯಾದ ದಂತ ಶಸ್ತ್ರವೈದ್ಯ ಅದೇ ದ್ವೀಪದ ಬಳಿ 398 ಪೌಂಡ್, ಅಂದರೆ 180 ಕಿಲೋ ಮೀರಿದ ನೀಲಿರೆಕ್ಕೆ ಟ್ಯೂನವನ್ನು ಗಾಳಿಯ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನ ಮುಳುಗಿನಲ್ಲಿ ಹೊಡೆದ. 1995ರಲ್ಲಿ ಅವನು ಬರೆದ ಪುಸ್ತಕ ಈ ಬೇಟೆಯವರ ಪಠ್ಯವಾಯಿತು.

ನಮ್ಮ ಕರಾವಳಿಯಲ್ಲಿ ಇದು ಬೇರೂರಿಲ್ಲ. ನದಿಗಳು ಹೊತ್ತು ತರುವ ಹೂಳಿನಿಂದ ದಡದ ಬಳಿ ನೀರು ವರ್ಷದ ಬಹುಪಾಲು ಕದಡಿರುತ್ತದೆ. ಐದು ಮೀಟರ್ ಆಚೆ ಕಾಣದ ನೀರಿನಲ್ಲಿ ಈಟಿಗಿಂತ ಬಲೆ ವಾಸಿ. ಆದರೆ ಬಲೆಯ ಮೇಲಂಚಿಗೆ ಬೆಂಡು ಕಟ್ಟಿ ಬೆಳೆದ ಮೊಗವೀರ ಹುಡುಗನಿಗೆ ತೇಲುಬುಂಡೆಯ ಮರ್ಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಾಸ್ ಆ ಟ್ಯೂನ ಹೊಡೆದ 1982ರಲ್ಲೇ ಕ್ಯಾಲಿಫೋರ್ನಿಯಾ ರಾಜ್ಯ ಕಪ್ಪು ಸೀಬಾಸ್ ಹಿಡಿಯುವುದನ್ನು ನಿಷೇಧಿಸಿತು. ಆ ಮೀನು ಕಡಿಮೆಯಾದದ್ದರಲ್ಲಿ ತಪ್ಪು ಈಟಿಯದ್ದು ಮಾತ್ರವಲ್ಲ, ಬಲೆ ಮತ್ತು ಗಾಳದ ಪಾಲೇ ಹೆಚ್ಚು. ಆದರೂ ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ಹನ್ನೆರಡು ವರ್ಷ ತೆಗೆದುಕೊಳ್ಳುವ, ಎಪ್ಪತ್ತು ವರ್ಷ ದಾಟಿ ಬದುಕಬಲ್ಲ ಮೀನಿನಲ್ಲಿ ದೊಡ್ಡವನ್ನೇ ಆರಿಸಿ ಹೊಡೆದ ಲೆಕ್ಕ ಬೇಟೆಗಾರರ ಖಾತೆಗೂ ಬೀಳುತ್ತದೆ. ನಾಲ್ಕು ದಶಕದ ನಂತರ ಆ ಮೀನು ಕೆಲ್ಪ್ ಕಾಡಿಗೆ ನಿಧಾನವಾಗಿ ಮರಳುತ್ತಿದೆ. ಒಂದೊಂದರ ಮೈಮೇಲಿನ ಕಪ್ಪು ಚುಕ್ಕೆಗಳ ಜೋಡಣೆ ಒಂದೊಂದು ಬಗೆ. ಮುಳುಗುಗಾರರು ತೆಗೆದ ಚಿತ್ರಗಳನ್ನು ಸಾಂಟಾ ಬಾರ್ಬರಾದ ವಿಶ್ವವಿದ್ಯಾಲಯದ ಸಂಶೋಧಕರು ಸಂಗ್ರಹಿಸಿ, ಚುಕ್ಕೆಗಳನ್ನು ತಾಳೆ ನೋಡಿ, ಯಾವ ಮೀನು ಎಲ್ಲಿ ಕಂಡಿತು ಎಂದು ಒಂದೊಂದನ್ನೂ ಗುರುತಿಸುತ್ತಿದ್ದಾರೆ.